ಅಟ್ಟದ ಬಾವಲಿಗಿಂತ ಮೊದಲು ಮಡಿಲಲ್ಲಿರುವ ಬೆಕ್ಕನ್ನು ನೋಡಿ

ಪ್ರಶ್ನೆ: ಡಾಕ್ಟರೇ, ನಮ್ಮದು ಧಾರವಾಡದ ಮಾಳಮಡ್ಡಿಯಲ್ಲಿ ಹಳೆಯ ಹಂಚಿನ ಮನೆ. ಅಟ್ಟದಲ್ಲಿ ಸಣ್ಣ ಬಾವಲಿಗಳು ಮಾವನವರ ಕಾಲದಿಂದ ಇವೆ. ಓಣಿಯ ತುದಿಯ ಆಲದ ಮರದಲ್ಲಿ ದೊಡ್ಡ ತೊಗಲಬಾವಲಿಗಳು ನೂರಾರು. ಹೋದ ವಾರ ನಮ್ಮ ಬೆಕ್ಕು ಅಟ್ಟದ ಬಾವಲಿಯೊಂದನ್ನು ಕಚ್ಚಿಕೊಂಡು ಬಂದು ಪಡಸಾಲೆಯಲ್ಲಿ ಹಾಕಿತು, ಅದಕ್ಕೆ ಇನ್ನೂ ಜೀವ ಇತ್ತು. ನಾವು ನೋಡುವಷ್ಟರಲ್ಲಿ ಆರು ವರ್ಷದ ಮಗಳು ಅದನ್ನು ಕೈಯಲ್ಲಿ ಎತ್ತಿಕೊಂಡಿದ್ದಳು. ಕಚ್ಚಿಲ್ಲ ಅನ್ನುತ್ತಾಳೆ. ಮಾವನವರು ಕಸಬರಿಗೆಯಿಂದ ತಳ್ಳಿ ಹೊರಗೆ ಹಾಕಿದರು. ನಾಯಿಗೆ ಲಸಿಕೆ ಆಗಿದೆ, ಬೆಕ್ಕಿಗೆ ಇಲ್ಲ. ಅಮೆರಿಕದಲ್ಲಿರುವ ಮೈದುನ ‘ಮನೆಮಂದಿಯೆಲ್ಲ ರೇಬೀಸ್ ಇಂಜೆಕ್ಷನ್ ತಗೊಳ್ರಿ’ ಎಂದು ಫೋನಿನಲ್ಲಿ ಹೆದರಿಸುತ್ತಿದ್ದಾನೆ. ಅತ್ತೆಯವರು ‘ನಾ ಸೊಸಿ ಆಗಿ ಬಂದಾಗಿಂದ ಅವು ಅಲ್ಲೇ ಅದಾವು, ಯಾರಿಗೇನಾಗೇತಿ?’ ಎಂದು ನಗುತ್ತಾರೆ. ಏನು ಮಾಡಬೇಕು? ಅಟ್ಟದ ಬಾವಲಿಗಳನ್ನು ಓಡಿಸಬೇಕೇ? ಆಲದ ಮರ ಕಡಿಸಲು ಓಣಿಯವರು ಅರ್ಜಿ ಬರೆದಿದ್ದಾರೆ, ಅದಕ್ಕೆ ಸಹಿ ಹಾಕಲೇ?

ಉತ್ತರ: ಮೊದಲು ಮಗಳು. ಮರ, ಅಟ್ಟ, ಮೈದುನ ಎಲ್ಲ ಆಮೇಲೆ.

ಅವಳನ್ನು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವಾರ ಕಳೆದುಹೋಯಿತು, ಇನ್ನೇನು ಉಪಯೋಗ ಎಂದು ಕೂರಬೇಡಿ. ರೇಬೀಸ್ ವೈರಾಣು ರಕ್ತದಲ್ಲಿ ಹರಿದು ಹೋಗುವುದಿಲ್ಲ. ಕಚ್ಚಿದ ಜಾಗದಿಂದ ನರದ ಗುಂಟ ನಿಧಾನವಾಗಿ ಮಿದುಳಿನ ಕಡೆ ಸಾಗುತ್ತದೆ. ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತದೆ. ಕೆಲವೊಮ್ಮೆ ಒಂದೇ ವಾರ, ಅಪರೂಪಕ್ಕೆ ಒಂದು ವರ್ಷ. ಲಕ್ಷಣ ಶುರುವಾಗುವ ಮುನ್ನ ಯಾವಾಗ ಲಸಿಕೆ ಹಾಕಿಸಿದರೂ ಅದು ತಡವಲ್ಲ. ಶುರುವಾದ ಮೇಲೆ ಮಾತ್ರ ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ಉಳಿಸಿಕೊಳ್ಳುವುದು ಸಾಧ್ಯವಿಲ್ಲ ಅನ್ನುವಷ್ಟೇ. ಇಷ್ಟು ಅಂತರವಿರುವ ಕಾಯಿಲೆಯಲ್ಲಿ ‘ಕಾದು ನೋಡೋಣ’ ಅನ್ನುವ ಮಾತೇ ಬರಬಾರದು.

‘ಕಚ್ಚಿಲ್ಲ’ ಎಂಬ ಮಗುವಿನ ಮಾತನ್ನು ನಾನು ನಂಬುವುದಿಲ್ಲ. ಅವಳು ಸುಳ್ಳು ಹೇಳುತ್ತಾಳೆ ಎಂದಲ್ಲ. ಅಟ್ಟದ ಸಣ್ಣ ಬಾವಲಿ ಹೆಬ್ಬೆರಳಿನಷ್ಟೇ ಉದ್ದ, ಅದರ ಹಲ್ಲು ಹೊಲಿಗೆ ಸೂಜಿಯ ತುದಿಗಿಂತ ಸಣ್ಣದು. ಕಚ್ಚಿದರೆ ರಕ್ತ ಬರದೆ ಇರಬಹುದು, ಬಂದರೂ ಚುಕ್ಕೆಯಷ್ಟು. ಮರುದಿನ ಹುಡುಕಿದರೆ ಗುರುತೇ ಸಿಗುವುದಿಲ್ಲ. ಬೈಗುಳದ ಅಂಜಿಕೆ ಬೇರೆ. ಹಾಗಾಗಿ ಮಗುವಿನ ವಿಷಯದಲ್ಲಿ ಕೇಳಬೇಕಾದ್ದು ‘ಕಚ್ಚಿತೇ’ ಎಂದಲ್ಲ, ‘ಬರಿಗೈಯಲ್ಲಿ ಹಿಡಿದಿದ್ದಳೇ’ ಎಂದು. ಹಿಡಿದಿದ್ದಳು ಎಂದು ನೀವೇ ಬರೆದಿದ್ದೀರಿ.

ಆಸ್ಪತ್ರೆಯಲ್ಲಿ ಒಂದು ತೊಡಕು ಎದುರಾಗಬಹುದು, ಅದನ್ನು ಈಗಲೇ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಬಾವಲಿಯ ನೇರ ಸಂಪರ್ಕವನ್ನು ಮೂರನೆಯ ದರ್ಜೆಗೆ, ಅಂದರೆ ತೀರ ಗಂಭೀರ ಗಾಯಗಳ ಸಾಲಿಗೆ ಸೇರಿಸಿದೆ. ನಮ್ಮ ದೇಶದ ಮಾರ್ಗಸೂಚಿಗಳಲ್ಲಿ ಬಾವಲಿಯಿಂದ ರೇಬೀಸ್ ಬರುವುದು ಭಾರತದಲ್ಲಿ ಖಚಿತವಾಗಿಲ್ಲ ಎಂಬ ಮಾತು ಬಂದಿದೆ. ಅದನ್ನು ಹಿಡಿದು ಒಬ್ಬ ವೈದ್ಯರು ‘ಬೇಕಾಗಿಲ್ಲ’ ಎನ್ನಬಹುದು, ಇನ್ನೊಬ್ಬರು ‘ಹಾಕೋಣ’ ಎನ್ನಬಹುದು. ನೀವು ‘ಏನೋ ಬಾವಲಿ ಬಂದಿತ್ರೀ’ ಎಂದು ಗೊಣಗದೆ, ‘ಜೀವಂತ ಬಾವಲಿ, ಬೆಕ್ಕು ಹಿಡಿದದ್ದು, ಆರು ವರ್ಷದ ಮಗು ಬರಿಗೈಯಲ್ಲಿ ಎತ್ತಿದ್ದಾಳೆ’ ಎಂದು ಬಿಡಿಸಿ ಹೇಳಿ. ತೀರ್ಮಾನ ಅವರದ್ದು. ನನ್ನ ಮೊಮ್ಮಗಳಾಗಿದ್ದರೆ ನಾನು ಹಾಕಿಸುತ್ತಿದ್ದೆ. ಈ ಲಸಿಕೆಯಿಂದ ಆಗುವ ತೊಂದರೆ ತೋಳಿನ ನೋವು, ಒಂದೆರಡು ದಿನದ ಮೈ ಬಿಸಿ. ಹಾಕಿಸದೆ ಬಿಟ್ಟು ಲೆಕ್ಕ ತಪ್ಪಿದರೆ ಆಗುವುದಕ್ಕೆ ಹೋಲಿಸಿದರೆ ಅದು ಏನೂ ಅಲ್ಲ.

ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್), ಧಾರವಾಡದ ಜಿಲ್ಲಾಸ್ಪತ್ರೆ, ಗದಗಿನ ಜಿಮ್ಸ್, ಹಾವೇರಿಯ ಜಿಲ್ಲಾಸ್ಪತ್ರೆ, ನಿಮಗೆ ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಲಸಿಕೆ ಉಚಿತ. ಚರ್ಮದೊಳಗೆ ಹಾಕುವ ಕ್ರಮದಲ್ಲಿ ಎರಡೂ ತೋಳಿಗೆ 0.1 ಮಿಲಿಯಂತೆ ಚುಚ್ಚುತ್ತಾರೆ. ಮೊದಲ ದಿನವನ್ನು ಸೊನ್ನೆ ಎಂದು ಹಿಡಿದು 3, 7 ಮತ್ತು 28ನೇ ದಿನ ಮತ್ತೆ ಹೋಗಬೇಕು. ಚುಚ್ಚಿದಲ್ಲಿ ಸಣ್ಣ ಬಿಳಿ ಗುಳ್ಳೆ ಎದ್ದರೆ ಸರಿಯಾಗಿ ಬಿದ್ದಿದೆ ಎಂದೇ ಅರ್ಥ, ಗಾಬರಿ ಬೇಡ. ಖಾಸಗಿ ದವಾಖಾನೆಗಳಲ್ಲಿ ಹೆಚ್ಚಾಗಿ ಸ್ನಾಯುವಿಗೆ ಹಾಕುತ್ತಾರೆ. ಆಗ 0, 3, 7, 14, 28 ಎಂದು ಐದು ಸಲ. ಎರಡೂ ಒಳ್ಳೆಯವೇ, ಆದರೆ ಅರ್ಧಕ್ಕೆ ಬಿಡುವಂತಿಲ್ಲ. ಮೂರನೆಯ ದರ್ಜೆಯ ಗಾಯ ಎಂದು ವೈದ್ಯರು ತೀರ್ಮಾನಿಸಿದರೆ ಇಮ್ಯುನೋಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯವನ್ನು ಗಾಯದ ಸುತ್ತಲೇ ಚುಚ್ಚುತ್ತಾರೆ. ಲಸಿಕೆ ಮೈಯಲ್ಲಿ ಕೆಲಸ ಶುರು ಮಾಡುವ ತನಕದ ಕಾವಲು ಅದು. ಮೊದಲ ಲಸಿಕೆಯಿಂದ ಏಳು ದಿನದೊಳಗೆ ಅದು ಆಗಿರಬೇಕು. ಬದನೆಕಾಯಿ ಬಿಡಿ, ಎಣ್ಣೆ ಬಿಡಿ, ತಲೆಗೆ ನೀರು ಹಾಕಬೇಡಿ ಎಂಬ ಪಥ್ಯಗಳಿಗೆ ಯಾವ ಆಧಾರವೂ ಇಲ್ಲ. ಬಸುರಿಯರಿಗೂ ಈ ಲಸಿಕೆ ಹಾಕಬಹುದು.

ಅತ್ತೆಯವರಿಗೆ ‘ಹೊಕ್ಕಳ ಸುತ್ತ 14 ಇಂಜೆಕ್ಷನ್’ ನೆನಪಿರಬಹುದು. ಅದು ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಹಳೆಯ ಲಸಿಕೆ. 2005ರ ಹೊತ್ತಿಗೆ ನಮ್ಮ ದೇಶದಲ್ಲಿ ಅದು ಪೂರ್ತಿ ನಿಂತಿತು.

ಮಾವನವರು ಕಸಬರಿಗೆಯಲ್ಲಿ ತಳ್ಳಿದ್ದಾರೆ, ಕೈ ತಾಗಿಲ್ಲ, ಹಾಗಾಗಿ ಅವರಿಗೆ ಏನೂ ಬೇಡ. ನಿಮಗೂ, ಅತ್ತೆಯವರಿಗೂ ಬೇಡ. ಒಂದೇ ಸೂರಿನಡಿ ಇದ್ದ ಮಾತ್ರಕ್ಕೆ ರೇಬೀಸ್ ಬರುವುದಿಲ್ಲ. ವೈರಾಣು ಇರುವುದು ಜೊಲ್ಲಿನಲ್ಲಿ ಮತ್ತು ನರಗಳಲ್ಲಿ. ಬಾವಲಿಯ ಹಿಕ್ಕೆ, ಮೂತ್ರ, ರಕ್ತದಿಂದ ಅದು ಹರಡದು. ಬಿಸಿಲಿಗೆ, ಒಣಗಿದರೆ, ಸೋಪಿನ ನೀರಿಗೆ ಬೇಗ ಸಾಯುವ ವೈರಾಣು ಅದು.

ಈಗ ಮೈದುನ ಮತ್ತು ಅತ್ತೆಯವರ ಜಗಳಕ್ಕೆ ಬರೋಣ. ಮೈದುನ ಹೇಳುವುದು ಅವರಿರುವ ದೇಶಕ್ಕೆ ಸರಿ. ಅಮೆರಿಕ ದಶಕಗಳ ಕಾಲ ನಾಯಿಗಳಿಗೆ ಲಸಿಕೆ ಹಾಕಿ ನಾಯಿಯಿಂದ ನಾಯಿಗೆ ಹರಡುವ ರೇಬೀಸನ್ನು ತೊಡೆದುಹಾಕಿತು. ಉಳಿದುಕೊಂಡದ್ದು ಕಾಡಿನ ಪ್ರಾಣಿಗಳಲ್ಲಿ, ಅದರಲ್ಲೂ ಬಾವಲಿಗಳಲ್ಲಿ. ಈಗ ಅಲ್ಲಿ ರೇಬೀಸಿನಿಂದ ಸಾಯುವವರು ಬೆರಳೆಣಿಕೆಯಷ್ಟು, ಅವರಲ್ಲಿ ಹೆಚ್ಚಿನವರಿಗೆ ಅದು ಬಾವಲಿಯಿಂದಲೇ ಬಂದದ್ದು. ಮಲಗಿದ್ದವರ ಕೋಣೆಯಲ್ಲಿ ಬಾವಲಿ ಕಂಡರೂ ವೈದ್ಯರನ್ನು ನೋಡಿ ಎಂದು ಅಲ್ಲಿ ಹೇಳುವುದು ಅದಕ್ಕೇ. ನಮ್ಮಲ್ಲಿ ಲೆಕ್ಕ ತಿರುವುಮುರುವು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ರೇಬೀಸಿಗೆ ಬಲಿಯಾಗುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಅಂದಾಜು. ಅದರಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದ. ಸತ್ತವರಲ್ಲಿ ನೂರಕ್ಕೆ 40ರಷ್ಟು ಹದಿನೈದರೊಳಗಿನ ಮಕ್ಕಳು. ಈ ಸಾವುಗಳಲ್ಲಿ ಭಾರತದ ಪಾಲು ಎಲ್ಲ ದೇಶಗಳಿಗಿಂತ ಹೆಚ್ಚು.

ಹಾಗಾದರೆ ಅತ್ತೆಯವರೇ ಗೆದ್ದರೇ? ಪೂರ್ತಿ ಇಲ್ಲ. ನೆರೆಯ ಶ್ರೀಲಂಕೆಯಲ್ಲಿ, ಕ್ಯಾಂಡಿ ಹತ್ತಿರದ ಗನ್ನೊರುವದಲ್ಲಿ ಸಿಕ್ಕ ದೊಡ್ಡ ಬಾವಲಿಗಳಲ್ಲಿ ರೇಬೀಸಿನ ದಾಯಾದಿ ವೈರಾಣುವೊಂದು ಪತ್ತೆಯಾಗಿ 2016ರಲ್ಲಿ ವರದಿಯಾಯಿತು. ನಿಮ್ಮ ಓಣಿಯ ಆಲದ ಮರದಲ್ಲಿ ನೇತಾಡುವುದು ಅದೇ ಜಾತಿಯ ಬಾವಲಿ. ಬೆಂಗಳೂರಿನ ನಿಮ್ಹಾನ್ಸ್‌ನವರು ನಾಗಾಲ್ಯಾಂಡಿನ ಬಾವಲಿಗಳ ರಕ್ತ ಪರೀಕ್ಷಿಸಿದಾಗ ಕೆಲವದರಲ್ಲಿ ಈ ಗುಂಪಿನ ವೈರಾಣುವಿಗೆ ಪ್ರತಿಕಾಯ ಸಿಕ್ಕಿತು, ಅಂದರೆ ಅಂಥ ವೈರಾಣು ಅವಕ್ಕೆ ಹಿಂದೆ ತಗುಲಿದ ಸುಳಿವು. ಆಸ್ಟ್ರೇಲಿಯಾದಲ್ಲಿ 1996ರಲ್ಲಿ ಬಾವಲಿಯಲ್ಲಿ ಇಂಥದೇ ವೈರಾಣು ಕಂಡುಬಂದಿತು. ಅದು ತಗುಲಿದ ಮನುಷ್ಯರ ಸಂಖ್ಯೆ ಬಹಳ ಸಣ್ಣದು, ಆದರೆ ತಗುಲಿದವರು ಉಳಿಯಲಿಲ್ಲ. ಸಮಾಧಾನದ ಮಾತೆಂದರೆ, ಈ ದಾಯಾದಿಗಳು ರೇಬೀಸಿಗೆ ಎಷ್ಟು ಹತ್ತಿರದವು ಅಂದರೆ ಈಗಿರುವ ಲಸಿಕೆಯೇ ಅವಕ್ಕೂ ತಡೆ. ಆಸ್ಟ್ರೇಲಿಯಾದವರು ಬಾವಲಿ ಕಚ್ಚಿದರೆ ಕೊಡುವುದೂ ಇದೇ ಲಸಿಕೆಯನ್ನು.

ಅಟ್ಟದಲ್ಲಿ ತಲೆಕೆಳಗಾಗಿ ಮಲಗಿರುವ ಬಾವಲಿ ನಿಮ್ಮ ಗೊಡವೆಗೆ ಬರುವುದಿಲ್ಲ. ಅದರ ಮತ್ತು ನಿಮ್ಮ ಮಗಳ ನಡುವೆ ಓಡಾಡುವವರು ಇಬ್ಬರು: ನೆಲಕ್ಕೆ ಬಿದ್ದದ್ದನ್ನು ಎತ್ತುವ ಕೈ, ಮತ್ತು ಲಸಿಕೆ ಇಲ್ಲದ ಬೆಕ್ಕು. ಈ ಎರಡನ್ನು ಸರಿಪಡಿಸಿದರೆ ಅಟ್ಟ ಇದ್ದಂತೆಯೇ ಇರಬಹುದು.

ಬೆಕ್ಕನ್ನು ನಾಳೆಯೇ ಪಶುವೈದ್ಯರ ಹತ್ತಿರ ಒಯ್ಯಿರಿ. ‘ಬೆಕ್ಕಿಗೂ ಹಾಕಸ್ಬೇಕೇನ್ರೀ?’ ಎಂದು ನನ್ನನ್ನು ಕೇಳದವರೇ ಕಡಿಮೆ. ಹಾಕಿಸಲೇಬೇಕು. ನಾಯಿ ಬಾವಲಿಯನ್ನು ಹಿಡಿಯುವುದು ಅಪರೂಪ. ಬೆಕ್ಕು ಸಂಜೆ ಹೊತ್ತಿಗೆ ಹಂಚಿನ ಸಂದಿಯಲ್ಲಿ ಕಾದು ಕೂತು ಹಾರುವಾಗಲೇ ಹೊಡೆಯುತ್ತದೆ, ತಿನ್ನುವುದಕ್ಕಿಂತ ಆಡಿಸುವುದಕ್ಕೆ ಮನೆಯೊಳಗೆ ತರುತ್ತದೆ. ಹೀಗೆ ಸಿಗುವ ಬಾವಲಿ ಹೆಚ್ಚಾಗಿ ಮರಿಯೋ ಮುದಿಯೋ ಕಾಯಿಲೆಯದ್ದೋ ಆಗಿರುತ್ತದೆ, ಗಟ್ಟಿಮುಟ್ಟಾದದ್ದು ಬೆಕ್ಕಿಗೆ ಸುಲಭಕ್ಕೆ ದಕ್ಕದು. ನಿಮ್ಮ ಬೆಕ್ಕಿಗೆ ಲಸಿಕೆಯೇ ಆಗಿಲ್ಲವಾದ್ದರಿಂದ, ಕಚ್ಚಿದ ನಂತರ ಕೊಡುವ ಸರಣಿಯನ್ನು (0, 3, 7, 14, 28ನೇ ದಿನ) ಪಶುವೈದ್ಯರು ಶುರು ಮಾಡಬಹುದು. ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ನಾಲ್ಕು ತಿಂಗಳು ಅದನ್ನು ಆದಷ್ಟು ಮನೆಯೊಳಗೇ ಇಟ್ಟುಕೊಳ್ಳಿ, ಮಗಳ ಹಾಸಿಗೆಯಲ್ಲಿ ಮಲಗಿಸಬೇಡಿ, ಮುಖಕ್ಕೆ ಮುಖ ತಾಗಿಸಿ ಮುದ್ದು ಮಾಡುವುದು ಸದ್ಯಕ್ಕೆ ಬೇಡ. ಸಾಧು ಬೆಕ್ಕು ಇದ್ದಕ್ಕಿದ್ದಂತೆ ಮೈಮೇಲೆ ಎಗರಿದರೆ, ಪುಕ್ಕಲು ಬೆಕ್ಕು ಅತಿಯಾಗಿ ಮೈಗಂಟಿಕೊಂಡರೆ, ದನಿ ಒಡೆದರೆ, ಕತ್ತಲಲ್ಲಿ ಅವಿತು ಕೂತರೆ, ಜೊಲ್ಲು ಸೋರಿದರೆ ಅದನ್ನು ಕೋಣೆಯಲ್ಲಿ ಕೂಡಿ ಬಾಗಿಲು ಹಾಕಿ ವೈದ್ಯರಿಗೆ ತಿಳಿಸಿ. ಹಿಡಿಯಲು ಹೋಗಬೇಡಿ.

ನಾಯಿಯ ಲಸಿಕೆ ಕಾರ್ಡ್ ತೆಗೆದು ತಾರೀಖು ನೋಡಿ. ‘ಆಗಿದೆ’ ಎನ್ನುವ ಎಷ್ಟೋ ಮನೆಗಳಲ್ಲಿ ಅದು ಮರಿಯಿದ್ದಾಗ ಆದದ್ದು! ಮೂರು ತಿಂಗಳಿಗೆ ಮೊದಲನೆಯದು, ಆಮೇಲೆ ಪಶುವೈದ್ಯರು ಹೇಳಿದಂತೆ ಬೂಸ್ಟರ್, ಮುಂದೆ ವರ್ಷ ವರ್ಷ. ಗಡುವು ದಾಟಿದ್ದರೆ ಬೆಕ್ಕಿನ ಜೊತೆಗೇ ಒಯ್ದು ಹಾಕಿಸಿ.

ನಾಯಿ ಸಾಕಿದವರಿಗೆ ಒಂದು ಎಚ್ಚರಿಕೆ. ಸಿನಿಮಾದ ಹುಚ್ಚು ನಾಯಿ ಸಿಕ್ಕಸಿಕ್ಕವರನ್ನು ಕಚ್ಚುತ್ತ ಓಡುತ್ತದೆ. ನಿಜದಲ್ಲಿ ಎಷ್ಟೋ ನಾಯಿಗಳು ಮಂಕಾಗಿ ಮೂಲೆ ಹಿಡಿಯುತ್ತವೆ. ಕೆಳದವಡೆ ಜೋಲುತ್ತದೆ, ನೀರು ನುಂಗಲಾಗುವುದಿಲ್ಲ. ಮನೆಯವರು ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದುಕೊಂಡು ಬಾಯೊಳಗೆ ಕೈ ಹಾಕಿ ಹುಡುಕುತ್ತಾರೆ. ದನ ಎಮ್ಮೆಗಳಲ್ಲೂ ಹೀಗೇ: ಮೇವು ಬಿಟ್ಟು ಜೊಲ್ಲು ಸುರಿಸುತ್ತ ಒಡಕು ದನಿಯಲ್ಲಿ ಕೂಗುವ ಎಮ್ಮೆಯ ಬಾಯಿಗೆ ಕೈ ಹಾಕಿ ಔಷಧ ಕುಡಿಸಲು ಹೋಗುತ್ತಾರೆ. ಹಳ್ಳಿಯ ಕಡೆ ನಮ್ಮ ರೈತರು ರೇಬೀಸಿಗೆ ಸಿಕ್ಕಿಬೀಳುವ ದಾರಿಗಳಲ್ಲಿ ಇದೂ ಒಂದು. ಅಂಥ ಎಮ್ಮೆಯ ಹಾಲನ್ನು ಯಾರಿಗೂ ಕೊಡಬೇಡಿ. ಕಾಯಿಸಿ ಕುಡಿದದ್ದಾಗಿದ್ದರೆ ಮಾತ್ರ ಭಯ ಬೇಡ.

ಕಚ್ಚಿದ ನಾಯಿಯನ್ನು ಹತ್ತು ದಿನ ನೋಡಬೇಕು ಎಂಬ ಮಾತು ಎಲ್ಲರಿಗೂ ಗೊತ್ತು. ಅದು ನಾಯಿಗೂ ಬೆಕ್ಕಿಗೂ ಮಾತ್ರ ಅನ್ವಯಿಸುತ್ತದೆ. ಅವುಗಳ ಜೊಲ್ಲಿನಲ್ಲಿ ವೈರಾಣು ಇಳಿದ ಮೇಲೆ ಅವು ಹತ್ತು ದಿನ ಬದುಕಿ ಉಳಿಯುವುದಿಲ್ಲ. ಬಾವಲಿ, ಮಂಗ, ಮುಂಗುಸಿಗೆ ಈ ಲೆಕ್ಕ ನಡೆಯದು. ನಾಯಿ ಕಚ್ಚಿದಾಗಲೂ ಹತ್ತು ದಿನ ಕಾದು ಆಮೇಲೆ ಲಸಿಕೆ ಎಂದಲ್ಲ. ಲಸಿಕೆ ಮೊದಲ ದಿನವೇ ಶುರು, ನಾಯಿಯನ್ನು ನೋಡುವುದು ಅದರ ಜೊತೆಜೊತೆಗೆ.

ಯಾವ ಪ್ರಾಣಿಯೇ ಕಚ್ಚಲಿ, ಮೊದಲ ಔಷಧ ನಿಮ್ಮ ನಳದ ಕೆಳಗಿದೆ. ಗಾಯವನ್ನು ಹರಿಯುವ ನೀರಿಗೆ ಹಿಡಿದು, ಬಟ್ಟೆ ಸೋಪಾದರೂ ಸರಿ, ನೊರೆ ಬರಿಸಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು ತೊಳೆದರೇ ಗೊತ್ತಾಗುವುದು 15 ನಿಮಿಷ ಎಷ್ಟು ದೀರ್ಘ ಎಂದು. ಹೆಚ್ಚಿನವರು ಎರಡು ನಿಮಿಷಕ್ಕೇ ನಳ ನಿಲ್ಲಿಸುತ್ತಾರೆ. ಮಗು ಅತ್ತರೆ ಕೆಳಗೆ ಬಕೆಟ್ ಇಟ್ಟು ತೊಡೆಯ ಮೇಲೆ ಕೂರಿಸಿಕೊಂಡು ತೊಳೆಯಿರಿ, ಉಜ್ಜಬೇಡಿ, ನೀರು ಗಾಯದ ಆಳಕ್ಕೆ ಹೋಗಲಿ. ನಳಕ್ಕೆ ನೀರು ಬಾರದ ದಿನವಾದರೆ ತಂಬಿಗೆಯಿಂದ ಎತ್ತಿ ಸುರಿಯುತ್ತಲೇ ಇರಿ. ಸೋಪು ವೈರಾಣುವಿನ ಹೊರಗಿನ ಕೊಬ್ಬಿನ ಪೊರೆಯನ್ನೇ ಕರಗಿಸುತ್ತದೆ. ಆಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ ಬಟ್ಟೆ ಕಟ್ಟದೆ ಹಾಗೇ ಆಸ್ಪತ್ರೆಗೆ ಹೋಗಿ. ಸುಣ್ಣ, ಖಾರದ ಪುಡಿ, ಅರಿಷಿಣ, ಕಾಫಿ ಪುಡಿ ಇವೆಲ್ಲ ಗಾಯವನ್ನು ಕೆರಳಿಸುತ್ತವೆ ಅಷ್ಟೇ.

ಇನ್ನು ಮನೆಯೊಳಗೆ ಬಾವಲಿ ಬಂದರೆ: ಮೊದಲು ಫ್ಯಾನ್ ಆರಿಸಿ. ಮಗುವನ್ನೂ ಬೆಕ್ಕನ್ನೂ ಹೊರಗೆ ಕಳಿಸಿ, ಒಳಬಾಗಿಲು ಮುಚ್ಚಿ, ಕಿಟಕಿ ತೆರೆದು, ಕೋಣೆಯ ದೀಪ ಆರಿಸಿಬಿಡಿ. ಹೆಚ್ಚಿನವು ಸ್ವಲ್ಪ ಹೊತ್ತಿನಲ್ಲಿ ತಾವೇ ದಾರಿ ಹುಡುಕಿಕೊಳ್ಳುತ್ತವೆ. ನೆಲಕ್ಕೆ ಬಿದ್ದಿದ್ದರೆ ಅದರ ಮೇಲೆ ಒಂದು ರಟ್ಟಿನ ಡಬ್ಬಿ ಬೋರಲು ಹಾಕಿ, ಕೆಳಗಿನಿಂದ ದಪ್ಪ ರಟ್ಟು ಮೆಲ್ಲಗೆ ಸರಿಸಿ, ಎರಡನ್ನೂ ಒಟ್ಟಿಗೆ ಎತ್ತಿ. ದಪ್ಪ ಚರ್ಮದ ಕೈಗವಸು ಇದ್ದರೆ ಒಳ್ಳೆಯದು. ತೆಳು ರಬ್ಬರಿನದ್ದನ್ನು ಅದರ ಹಲ್ಲು ದಾಟುತ್ತದೆ. ಯಾರಿಗೂ ಕಚ್ಚಿಲ್ಲ, ಯಾರೂ ಮುಟ್ಟಿಲ್ಲ ಎಂದು ಖಾತ್ರಿಯಿದ್ದರೆ ಹೊರಗೆ ಗೋಡೆಯ ಎತ್ತರದಲ್ಲಿ ಬಿಡಿ, ಎಷ್ಟೋ ಬಾವಲಿಗಳಿಗೆ ನೆಲದಿಂದ ಹಾರಿ ಏಳುವುದು ಕಷ್ಟ. ಕಚ್ಚಿದ ಬಾವಲಿ ಸತ್ತಿದ್ದರೆ ತಲೆ ಜಜ್ಜದೆ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಂಜುಗಡ್ಡೆಯಲ್ಲಿಟ್ಟು ಪಶುವೈದ್ಯರಿಗೆ ತಲುಪಿಸಿ. ಪರೀಕ್ಷೆಗೆ ಬೇಕಾದದ್ದು ಮಿದುಳು, ಅದಕ್ಕೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಯೋಗಾಲಯವಿದೆ. ಬೇಸಿಗೆಯಲ್ಲಿ ಬಿಸಿಲ ಝಳಕ್ಕೆ ಬಸವಳಿದು, ಇಲ್ಲವೇ ಗಾಳಿಪಟದ ಮಾಂಜಾಕ್ಕೆ ಸಿಕ್ಕಿ ತೊಗಲಬಾವಲಿಗಳು ಆಲದ ಬುಡದಲ್ಲಿ ಬೀಳುತ್ತವೆ. ಓಣಿಯ ಹುಡುಗರು ನೀರು ಕುಡಿಸಲು ಎತ್ತಿಕೊಳ್ಳುವುದು ಆಗಲೇ. ಅವರ ಕರುಣೆಗೆ ಬೈಯಬೇಡಿ, ‘ಮುಟ್ಟಬ್ಯಾಡ್ರಿ, ದೊಡ್ಡವರನ್ನ ಕರೀರಿ’ ಎಂದು ಮುಂಚೆಯೇ ಹೇಳಿಕೊಡಿ. ಅರಣ್ಯ ಇಲಾಖೆಗೆ ತಿಳಿಸಬಹುದು.

ಅಟ್ಟದ ಬಾವಲಿಗಳನ್ನು ರೇಬೀಸಿನ ಹೆದರಿಕೆಗೆ ಓಡಿಸಬೇಕಾಗಿಲ್ಲ. ಅವು ರಾತ್ರಿಯಿಡೀ ಸೊಳ್ಳೆ ಮುಂತಾದ ಹುಳುಗಳನ್ನು ತಿನ್ನುತ್ತವೆ. ಆದರೆ ಹಿಕ್ಕೆಯ ನಾತ, ತೊಲೆಗೆ ಹತ್ತುವ ಕಲೆ ನಿಮಗೆ ಸಾಕಾಗಿದ್ದರೆ ಮಾಡುವ ಕ್ರಮ ಇದು. ಸಂಜೆ ಅಂಗಳದಲ್ಲಿ ಕೂತು ಅವು ಯಾವ ಸಂದಿಯಿಂದ ಹೊರಬೀಳುತ್ತವೆ ನೋಡಿ. ಆ ಸಂದಿಯ ಮೇಲೆ ಸಣ್ಣ ಕಣ್ಣಿನ ಜಾಳಿಗೆಯನ್ನು ಮೇಲೆ ಮತ್ತು ಎರಡು ಬದಿಗೆ ಬಿಗಿದು, ಕೆಳಗೆ ಸಡಿಲ ಬಿಡಿ. ಒಳಗಿನದು ಜಾರಿ ಹೊರಬರುತ್ತದೆ, ಹೊರಗಿನದಕ್ಕೆ ಒಳಗೆ ಹೋಗಲು ತಿಳಿಯದು. ಒಂದು ವಾರ ಯಾವುದೂ ಹೊರಬರದಿದ್ದರೆ ಸಂದಿಯನ್ನು ಗಾರೆಯಿಂದ ಮುಚ್ಚಿ. ಮರಿಗಳಿದ್ದಾಗ ಮಾತ್ರ ಬೇಡ. ತಾಯಿ ಹೊರಗೆ ಉಳಿದು ಹಾರಲಾರದ ಮರಿಗಳು ಒಳಗೆ ಸತ್ತು ಉದುರುತ್ತವೆ, ಅವನ್ನು ಹೆಕ್ಕುವುದು ಮತ್ತೆ ಅದೇ ಬೆಕ್ಕು. ಹೊಗೆ ಹಾಕುವುದು, ಬಡಿಗೆಯಿಂದ ಬಡಿಯುವುದು ಇನ್ನೂ ಕೆಟ್ಟದ್ದು. ಗಾಬರಿಯಾದ ಬಾವಲಿಗಳು ಮನೆಯೊಳಗೇ ಇಳಿಯುತ್ತವೆ. ಒಣ ಹಿಕ್ಕೆ ಗುಡಿಸುವಾಗ ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ಅದರ ಧೂಳಿನಲ್ಲಿ ಪುಪ್ಪುಸಕ್ಕೆ ಹತ್ತುವ ಶಿಲೀಂಧ್ರ ಇರಬಹುದು. ನೀರಿನ ಟಾಕಿಗೆ ಮುಚ್ಚಳ ಇರಲಿ.

ಆಲದ ಮರದ ಅರ್ಜಿಗೆ ಸಹಿ ಹಾಕಬೇಡಿ. ತೊಗಲಬಾವಲಿಯನ್ನು ಉಪದ್ರವಿ ಪ್ರಾಣಿ ಎಂದು ಎಣಿಸುತ್ತಿದ್ದ ಕಾಲ ಹೋಯಿತು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದು ಅದಕ್ಕೆ ರಕ್ಷಣೆ ಕೊಟ್ಟಿದ್ದಾರೆ. ಮರಕ್ಕೂ 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಅನುಮತಿ ಇಲ್ಲದೆ ಕೊಡಲಿ ಹಾಕುವಂತಿಲ್ಲ. ಕಡಿದರೂ ಆಗುವುದಿಷ್ಟೇ: ನೂರಾರು ಬಾವಲಿಗಳು ಊರಿನ ಇನ್ನೊಂದು ಮರಕ್ಕೆ ಚದುರುತ್ತವೆ, ಬಿದ್ದವು ಇನ್ನೊಂದು ಓಣಿಯ ಮಕ್ಕಳ ಕೈಗೆ ಸಿಗುತ್ತವೆ. ಮರದ ಕೆಳಗೆ ಬಿದ್ದ, ಹಲ್ಲಿನ ಗುರುತಿರುವ ಪೇರಲ, ಮಾವು, ಚಿಕ್ಕು ತಿನ್ನಬೇಡಿ. ಅದು ರೇಬೀಸಿಗಾಗಿ ಅಲ್ಲ. 2018ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ಕಾಣಿಸಿಕೊಂಡ ನಿಪಾ ವೈರಾಣುವಿನ ಆಶ್ರಯ ಇದೇ ದೊಡ್ಡ ಬಾವಲಿ, ಅದಕ್ಕಾಗಿ.

ಓಣಿಯವರಿಗೆ ಅರ್ಜಿ ಬರೆಯುವ ಹುರುಪು ಇದೆಯಲ್ಲ, ಬೀದಿ ನಾಯಿಗಳಿಗೆ ಲಸಿಕೆ ಹಾಕಿಸಿ ಎಂದು ಮಹಾನಗರ ಪಾಲಿಕೆಗೆ ಬರೆಯಲಿ. ಒಂದು ಊರಿನ ನೂರು ನಾಯಿಗಳಲ್ಲಿ 70ಕ್ಕೆ ಲಸಿಕೆ ಬಿದ್ದರೆ ರೇಬೀಸ್ ಹರಡುವ ಸರಪಳಿ ತುಂಡಾಗುತ್ತದೆ. ಒಂದು ಕಿವಿಯ ತುದಿ ಕತ್ತರಿಸಿದ ನಾಯಿ ಕಂಡರೆ ಅದಕ್ಕೆ ಸಂತಾನಹರಣದ ಶಸ್ತ್ರಚಿಕಿತ್ಸೆಯೂ, ಆ ಹೊತ್ತಿನ ರೇಬೀಸ್ ಲಸಿಕೆಯೂ ಆಗಿರುತ್ತದೆ. ಆದರೆ ಆ ಲಸಿಕೆ ಯಾವ ವರ್ಷದ್ದು, ಮರುಲಸಿಕೆ ಯಾವಾಗ ಎಂದು ಪಾಲಿಕೆಯ ಪಶುವೈದ್ಯ ವಿಭಾಗವನ್ನು ಅರ್ಜಿಯಲ್ಲೇ ಕೇಳಿ.